ಕಟ್ಟಿದ ಕತ್ತಿ, ಎತ್ತಿದ ಕತ್ತಿ

ಹಳಗನ್ನಡದಲ್ಲಿ ಕತ್ತಿಗೆ ‘ಬಾಳ್’ ಎನ್ನುತ್ತಿದ್ದರು, ಬದುಕಿಗೆ ‘ಬಾೞ್’. ಎರಡೂ ಬೇರೆ ಪದಗಳು, ಬೇರೆ ಉಚ್ಚಾರಣೆ. ತಮಿಳಿನಲ್ಲಿ ಆ ವ್ಯತ್ಯಾಸ ಇವತ್ತಿಗೂ ಬರವಣಿಗೆಯಲ್ಲಿ ಉಳಿದಿದೆ. ಕನ್ನಡದಲ್ಲಿ ೞಕಾರ ಮೆಲ್ಲಗೆ ಸವೆದು ಳಕಾರದೊಳಗೆ ಕರಗಿತು. ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ರೞ, ಕುಳ, ಕ್ಷಳ ಎಂದು ವಿಂಗಡಿಸಿ ಹೇಳಿಕೊಡಬೇಕಾದ ಸ್ಥಿತಿ ಬಂದಿತ್ತು. ವ್ಯಾಕರಣಕಾರ ಪಟ್ಟಿ ಮಾಡತೊಡಗಿದ ಎಂದರೆ ಜನ ಮರೆಯತೊಡಗಿದ್ದಾರೆ ಎಂದೇ ಲೆಕ್ಕ. ಕತ್ತಿಯ ಮನೆಗೂ ಇದೇ ಗತಿಯಾಯಿತು. ಕತ್ತಿಯನ್ನು ಇಡುವ ಚೀಲ ‘ಒಱೆ’. ಹೇಳುವುದು, ಉಜ್ಜಿ ಪರೀಕ್ಷಿಸುವುದು ‘ಒರೆ’. ಶಕಟರೇಫ ಹೋದ ಮೇಲೆ ಅವೆರಡೂ ಒಂದೇ ಆದವು. ಈಗ ನಾವು ಒರೆಯಿಂದ ಕತ್ತಿ ಹಿರಿಯುತ್ತೇವೆ, ಒರೆಗಲ್ಲಿಗೆ ಚಿನ್ನ ತಿಕ್ಕುತ್ತೇವೆ. ಎರಡೂ ಒಂದೇ ಒರೆ ಎಂಬಂತೆ.

ಇದರಿಂದ ‘ಕತ್ತಿಯೇ ಕನ್ನಡಿಗನ ಬದುಕು’ ಎಂಬಂಥ ರಾಜ್ಯೋತ್ಸವದ ಭಾಷಣ ಹೊರಡಿಸುವುದು ಸುಲಭ. ಹೊರಡಿಸಿದವರೂ ಇರಬಹುದು. ನನಗೆ ಬೇಕಾದದ್ದು ಅದಲ್ಲ. ಎರಡು ಅಕ್ಷರ ಕಳೆದುಕೊಂಡ ಹಾಗೆಯೇ ಕತ್ತಿಯನ್ನು ನೋಡುವ ಒಂದು ಕಣ್ಣನ್ನೂ ನಾವು ಕಳೆದುಕೊಂಡಿದ್ದೇವೆ ಎಂಬುದು ಈ ಬರಹದ ವಾದ. ನಮ್ಮ ಕಾದಂಬರಿ, ಸಿನಿಮಾ, ಪ್ರತಿಮೆ, ವಿಮರ್ಶೆ ಎಲ್ಲವೂ ಕತ್ತಿಯ ಅಲಗನ್ನು ಮಾತ್ರ ಓದುತ್ತವೆ. ಹಿಡಿ, ಒರೆ, ನಡುಕಟ್ಟುಗಳನ್ನು ಅಲಂಕಾರವೆಂದು ಬದಿಗಿಡುತ್ತವೆ. ಆದರೆ ಕೊಲ್ಲುವ ಕತ್ತಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಕೊಲ್ಲದೆ, ಸೊಂಟಕ್ಕೆ ಕಟ್ಟಿಕೊಂಡು ಸಭೆಗೆ ಬರುವ ಕತ್ತಿ ಮಾತ್ರ ಯಾರು, ಯಾರಿಗೆ, ಯಾವ ಋಣದಲ್ಲಿ ಎಂಬುದನ್ನು ಹೇಳುತ್ತದೆ. ಅಂದರೆ ಓದಬೇಕಾದದ್ದು ಇರುವುದು ಅಲ್ಲಿ.

ಕನ್ನಡಕ್ಕೆ ಇದು ಗೊತ್ತಿಲ್ಲದ ವಿಷಯವೇನಲ್ಲ. ನಮ್ಮ ಭಾಷೆಯಲ್ಲಿ ಗೌರವಗಳನ್ನು ಎತ್ತುವುದಿಲ್ಲ, ಕಟ್ಟುತ್ತಾರೆ. ಪಟ್ಟ ಕಟ್ಟುತ್ತಾರೆ, ತಾಳಿ ಕಟ್ಟುತ್ತಾರೆ, ಗೆಜ್ಜೆ ಕಟ್ಟುತ್ತಾರೆ, ಬಾಸಿಂಗ ಕಟ್ಟುತ್ತಾರೆ. ಕಟ್ಟಿದ್ದು ಇನ್ನೊಬ್ಬರ ಕೈಯಿಂದ ಬಂದದ್ದು. ಎತ್ತಿದ್ದು ನಮ್ಮದೇ ತೋಳಿನದು.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಈ ದೃಷ್ಟಿಯಿಂದ ಇನ್ನೊಮ್ಮೆ ಓದಬೇಕು. ಅದು ಸುಮಾರು 949-50ರದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ಅವನ ಮೇಲೆ ರಾಷ್ಟ್ರಕೂಟ ಮೂರನೆಯ ಕೃಷ್ಣ, ಬೂತುಗನ ಕೈಕೆಳಗೆ ಮಣಲೆರ. ಶೌರ್ಯಕ್ಕೆ ಏನು ಬೇಕು ಕೇಳು ಎಂದಾಗ ಮಣಲೆರ ಊರು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಕಲ್ಲು ನಿಂತದ್ದು ನಾಯಿಗಾಗಿ. ಕಥೆ ಎಲ್ಲರಿಗೂ ಗೊತ್ತು, ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದೇ ಶಾಸನದಲ್ಲಿ ಒಂದು ಪದವಿದೆ: ‘ಬಾಳ್ಗಚ್ಚು’. ಬೂತುಗ ಮಣಲೆರನಿಗೆ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟ. ಕರ್ಚು ಎಂದರೆ ತೊಳೆ; ಬಾಳ್ಗಚ್ಚು ಎಂದರೆ ಕತ್ತಿ ತೊಳೆದು ಕೊಟ್ಟ ದತ್ತಿ ಎಂದು ವಿದ್ವಾಂಸರು ಅರ್ಥ ಹೇಳಿದ್ದಾರೆ. ಯುದ್ಧ ಮುಗಿದಿದೆ, ರಕ್ತ ತೊಳೆದಾಗಿದೆ, ಆಗ ಭೂಮಿ ಕೈಬದಲಾಗುತ್ತದೆ. ಕತ್ತಿ ಇಲ್ಲಿ ಆಯುಧವಾಗಿ ನಿವೃತ್ತವಾಗಿ, ದಸ್ತಾವೇಜಾಗಿ ಕೆಲಸಕ್ಕೆ ಸೇರಿದೆ. ಶಾಸನದಲ್ಲಿ ಹೀಗೆ ಕತ್ತಿಯ ಮಾತು ಬಂದರೂ ಕಲ್ಲಿನ ಮೇಲಿನ ಚಿತ್ರದಲ್ಲಿ ಕತ್ತಿಯಿಲ್ಲ. ಅಲ್ಲಿರುವುದು ನಾಯಿ ಮತ್ತು ಹಂದಿ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಯುದ್ಧದ ಕಲ್ಲಿನಲ್ಲಿ ಪರಿಸ್ಥಿತಿ ತಿರುವುಮುರುವು. ಅಲ್ಲಿ ಆನೆ, ಕುದುರೆ, ಕಾಲಾಳು, ಎತ್ತಿದ ಆಯುಧಗಳು ಕಿಕ್ಕಿರಿದಿವೆ. ಸತ್ತ ನಾಗತ್ತರನ ಪದವಿಯನ್ನು ಇರುಗನಿಗೆ ‘ಪಟ್ಟ ಕಟ್ಟಿ’ ಕೊಟ್ಟದ್ದು ಮಾತ್ರ ಅಕ್ಷರದಲ್ಲಿದೆ, ಚಿತ್ರದಲ್ಲಿಲ್ಲ. ಎತ್ತಿದ್ದನ್ನು ಶಿಲ್ಪಿ ಕೆತ್ತಬಲ್ಲ. ಕಟ್ಟಿದ್ದಕ್ಕೆ ಬರವಣಿಗೆ ಬೇಕಾಗುತ್ತದೆ. ಸಾವಿರ ವರ್ಷಗಳ ನಂತರವೂ ನಮ್ಮ ಪ್ರತಿಮೆಗಳ ಸಮಸ್ಯೆ ಇದೇ ಆಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಟ್ಟುವ ಕತ್ತಿಯನ್ನು ಒಂದು ವ್ಯವಸ್ಥಿತ ಬರವಣಿಗೆಯನ್ನಾಗಿ ಮಾಡಿದವರಲ್ಲಿ ಸ್ಪೇನಿನವರು ಮುಖ್ಯರು. ಅವರ ಭಾಷೆಯಲ್ಲಿ ಕತ್ತಿಗೆ ‘ಎಸ್ಪಾದ’. ಸಭೆ, ಮೆರವಣಿಗೆ, ದರ್ಬಾರಿಗೆ ಕಟ್ಟಿಕೊಳ್ಳುವ ಸಪೂರವಾದ, ನೇರವಾದ ಪುಟ್ಟ ಕತ್ತಿಗೆ ಅದರದೇ ಮುದ್ದಿನ ರೂಪ, ‘ಎಸ್ಪಾದಿನ್’. ಅಧಿಕಾರಿಗಳ ಸೊಂಟದ ಕತ್ತಿಯನ್ನು ಕಾಗದಪತ್ರಗಳಲ್ಲಿ ‘ಎಸ್ಪಾದ ದೆ ಸೆನ್ಯೀರ್’ ಎನ್ನುತ್ತಿದ್ದರು. ಸೆನ್ಯೀರ್ ಎಂದರೆ ನಡುವಿಗೆ ಬಿಗಿಯುವುದು. ನಮ್ಮ ‘ಕಟ್ಟು’ವಿನ ಮಾತೇ. 1761ರಲ್ಲಿ ಮೂರನೆಯ ಕಾರ್ಲೋಸ್ ತೊಲೇದೊ ನಗರದ ಕಮ್ಮಾರಿಕೆಯನ್ನು ಒಂದೇ ಸೂರಿನಡಿ ತಂದು ರಾಜ ಕಾರ್ಖಾನೆ ಸ್ಥಾಪಿಸಿದ. ಅಲ್ಲಿಂದ ಮುಂದೆ ಕತ್ತಿಯ ಆಕಾರ ಕಮ್ಮಾರನ ಕೈಚಳಕದ ವಿಷಯವಾಗಿ ಉಳಿಯದೆ ಸರ್ಕಾರಿ ಆದೇಶದ ವಿಷಯವಾಗುತ್ತ ಹೋಯಿತು. ಇಸವಿಯ ಹೆಸರು ಹೊತ್ತ ಮಾದರಿಗಳು ಬಂದವು. ಕಾಲಾಳಿಗೆ ಒಂದು, ಅಶ್ವದಳಕ್ಕೆ ಒಂದು, ಫಿರಂಗಿ ದಳಕ್ಕೆ ಇನ್ನೊಂದು. ಹಿಡಿಯ ಮೇಲಿನ ರಾಜಮುದ್ರೆ, ಕೈಗಾಪಿನ ತಟ್ಟೆಯ ಆಕಾರ, ಒರೆಯ ಕಬ್ಬಿಣವೋ ತೊಗಲೋ ಎಂಬುದು, ಜೋತಾಡುವ ಕುಚ್ಚು, ಇವಿಷ್ಟನ್ನು ನೋಡಿ ಗೊತ್ತಿದ್ದವರು ಆ ಮನುಷ್ಯನ ದಳವನ್ನೂ ದರ್ಜೆಯನ್ನೂ ಅವನು ಸೇವೆಗೆ ಸೇರಿದ ಕಾಲವನ್ನೂ ಓದಬಲ್ಲವರಾಗಿದ್ದರು.

ಅಶ್ವದಳದ ‘ಪುಯೆರ್ತೊ ಸೆಗೂರೊ’ ಕತ್ತಿ ಬಂದದ್ದು 1907-08ರಲ್ಲಿ. ಉದ್ದನೆಯ ನೇರ ಅಲಗು, ತಿವಿಯಲಿಕ್ಕೆಂದೇ ಮಾಡಿದ್ದು, ಬಟ್ಟಲಿನಂಥ ಕೈಗಾಪು, ಪಿಸ್ತೂಲಿನ ಹಾಗೆ ಬಾಗಿದ ಹಿಡಿ. ಮಷಿನ್‌ಗನ್ ಬಂದು ಎರಡು ದಶಕ ಕಳೆದ ಮೇಲೆ ಒಂದು ದೇಶ ಕುಳಿತು ಅತ್ಯಂತ ಶಾಸ್ತ್ರೀಯವಾದ ಇರಿಯುವ ಕತ್ತಿಯನ್ನು ವಿನ್ಯಾಸ ಮಾಡಿತು ಎಂದರೆ ನಗು ಬರಬಹುದು. ಅದೇ ವರ್ಷ ಬ್ರಿಟಿಷರೂ ತಮ್ಮ ಸವಾರರಿಗೆ ಅಂಥದ್ದನ್ನೇ ಮಾಡಿಕೊಂಡರು. ನಮ್ಮಲ್ಲಿ ಮಹಾಕಾವ್ಯದ ಕಾಲ ಮುಗಿದು ಕಾದಂಬರಿ ಬಂದು ಕುಳಿತ ಮೇಲೂ ಕವಿಗಳು ಮಹಾಕಾವ್ಯ ಬರೆದರಲ್ಲ, ಅದನ್ನು ನಾವು ಹಾಗೆ ನಗುವುದಿಲ್ಲ. ಬಳಕೆ ತಪ್ಪಿದ ಮೇಲೆಯೇ ಕೆಲವು ರೂಪಗಳು ತಮ್ಮ ಪೂರ್ಣತೆ ತಲುಪುತ್ತವೆ.

ತೊಲೇದೊ ವಿಷಯದಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಖುಷಿ ಕೊಡುವ ಇನ್ನೊಂದು ಸಂಗತಿಯುಂಟು. 16-17ನೇ ಶತಮಾನದಲ್ಲಿ ಅಲ್ಲಿನ ಹೆಸರಾಂತ ಕಮ್ಮಾರರು ಅಲಗಿನ ಮೇಲೆ ಹೆಸರು ಕೊರೆಯುತ್ತಿದ್ದರು. ಜರ್ಮನಿಯ ಜೋಲಿಂಗೆನ್ ಊರಿನ ಕಮ್ಮಾರರು ಒಳ್ಳೆಯ ಕತ್ತಿಗಳನ್ನೇ ಮಾಡಿ, ಅವುಗಳ ಮೇಲೆ ತೊಲೇದೊದ ತೊಮಾಸ್ ದೆ ಅಯಾಲನ ಹೆಸರು ಕೊರೆದು ಮಾರಿದರು. ನಕಲಿ ಅಂಕಿತ! ವಚನಗಳಲ್ಲಿ ಅಂಕಿತ ನೋಡಿ ಕರ್ತೃ ನಿರ್ಣಯ ಮಾಡಲು ಹೊರಟು ಕೈಸುಟ್ಟುಕೊಂಡ ಸಂಶೋಧಕರಿಗೆ ಈ ಕಷ್ಟ ಅರ್ಥವಾಗುತ್ತದೆ. ಅಂಕಿತ ನಕಲಿಯಾದರೂ ಅಲಗು ಗಟ್ಟಿಯಾಗಿಯೇ ಇರಬಹುದು ಎಂಬುದು ಇನ್ನೊಂದು ತಲೆನೋವು.

ಈ ಯುರೋಪಿನ ಅಲಗುಗಳು ಹಡಗಿನಲ್ಲಿ ಬಂದು ದಖ್ಖನಿನಲ್ಲಿ ನಮ್ಮ ಹಿಡಿಗಳನ್ನು ತೊಟ್ಟುಕೊಂಡವು. ಅಂಥ ಕತ್ತಿಗೆ ‘ಫಿರಂಗ್’, ‘ಫಿರಂಗಿ’ ಎಂದು ಹೆಸರಾಯಿತು. ಮರಾಠಿಗರಲ್ಲಿ ಅದು ಮಾನದ ಕತ್ತಿ. ಕನ್ನಡದಲ್ಲಿ ಅದೇ ಪದ ಬೇರೆ ದಾರಿ ಹಿಡಿಯಿತು. ನಮಗೆ ಫಿರಂಗಿ ಎಂದರೆ ತೋಪು. ಪರಂಗಿಯವರು ಎಂದರೆ ಬಿಳಿಯರು, ಪರಂಗಿ ಹಣ್ಣು ಎಂದರೆ ಪಪಾಯ. ಹೊರಗಿನಿಂದ ಬಂದ ಒಂದೇ ಹೆಸರನ್ನು ಒಬ್ಬರು ಸೊಂಟಕ್ಕೆ ಕಟ್ಟಿಕೊಂಡರು, ಇನ್ನೊಬ್ಬರು ಕೋಟೆಯ ಬುರುಜಿನ ಮೇಲೂ ಹಿತ್ತಿಲಿನಲ್ಲೂ ಇಟ್ಟುಕೊಂಡರು. ಅಲಗು ಪರದೇಶದ್ದು, ಹಿಡಿ ನಮ್ಮದು ಎಂಬ ಈ ಫಿರಂಗಿ ಕತ್ತಿಯನ್ನು ನೋಡಿದಾಗಲೆಲ್ಲ ನನಗೆ ನವೋದಯದ ಅನುವಾದಗಳ ನೆನಪಾಗುತ್ತದೆ. ಅಲಗು ಎಲ್ಲಿಯದಾದರೂ, ಹಿಡಿಯುವ ಕೈಗೆ ಹೊಂದುವಂತೆ ಹಿಡಿಯನ್ನು ಹೊಸದಾಗಿ ಮಾಡಿಸಲೇಬೇಕಿತ್ತು.

ಇನ್ನು ಶ್ರೀರಂಗಪಟ್ಟಣ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಟಿಪ್ಪುವಿನ ಶಯನಗೃಹದಲ್ಲಿ ಸಿಕ್ಕ ಕತ್ತಿಯನ್ನು ಸೈನ್ಯದವರು ಮುತ್ತಿಗೆಯ ಮುಂದಾಳು ಡೇವಿಡ್ ಬೈರ್ಡ್‌ಗೆ ಉಡುಗೊರೆ ಕೊಟ್ಟರು. 2023ರ ಮೇ 23ರಂದು ಲಂಡನ್ನಿನಲ್ಲಿ ಅದು 1.4 ಕೋಟಿ ಪೌಂಡಿಗೆ ಹರಾಜಾಯಿತು. ಆ ದಿನಗಳ ಸುದ್ದಿಯೆಲ್ಲ ಬೆಲೆಯ ಬಗ್ಗೆ, ‘ಮೈಸೂರು ಹುಲಿ’ಯ ಶೌರ್ಯದ ಬಗ್ಗೆ, ಇಲ್ಲವೇ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ನಮ್ಮ ಮಾಮೂಲಿ ಜಗಳದ ಬಗ್ಗೆ ಇತ್ತು. ಕತ್ತಿಯನ್ನು ಯಾರೂ ನೋಡಿದಂತೆ ಕಾಣಲಿಲ್ಲ. ಅಲಗಿನ ಮೇಲೆ ‘ಶಂಶೀರ್-ಎ-ಮಲಿಕ್’, ಅರಸನ ಕತ್ತಿ, ಎಂದು ಬರೆದಿದೆ. 16ನೇ ಶತಮಾನದಲ್ಲಿ ಭಾರತಕ್ಕೆ ಬಂದ ಜರ್ಮನ್ ಅಲಗುಗಳ ಮಾದರಿಯಲ್ಲಿ ಮೊಘಲ್ ಕಮ್ಮಾರರು ಮಾಡಿದ ಅಲಗು ಅದು ಎಂದು ಹರಾಜಿನವರು ಹೇಳಿದರು. ಹಿಡಿಯ ಮೇಲೆ ಚಿನ್ನದಲ್ಲಿ ಕೂರಿಸಿದ ಅಕ್ಷರಗಳು: ದೇವರ ಗುಣಗಳು, ದೇವರನ್ನು ಹೆಸರು ಹಿಡಿದು ಕರೆಯುವ ಮಾತುಗಳು. ಅಂದರೆ ಹಿಡಿದವನ ಅಂಗೈ ಒತ್ತುವುದು ಆ ಹೆಸರುಗಳ ಮೇಲೆ. ಕತ್ತಿ ಎತ್ತಿದಾಗ ಹೊರಗಿನವರಿಗೆ ಆ ಬರಹ ಕಾಣುವುದೇ ಇಲ್ಲ, ಮುಷ್ಟಿ ಮುಚ್ಚಿಕೊಂಡಿರುತ್ತದೆ. ಕೆಳಗಿಟ್ಟಾಗ ಮಾತ್ರ ಓದಲು ಸಿಗುತ್ತದೆ. ಶಯನಗೃಹದಲ್ಲಿ, ಮಲಗುವ ಮುನ್ನ, ಪಕ್ಕದಲ್ಲಿ ಇಟ್ಟುಕೊಂಡವನ ಓದು ಅದು.

ಆ ಅರಮನೆಯಲ್ಲಿ ಇನ್ನೊಂದು ಖಾಸಗಿ ವಸ್ತುವೂ ಸಿಕ್ಕಿತ್ತು. ಟಿಪ್ಪು ತನ್ನ ಕೈಯಲ್ಲೇ ತನ್ನ ಕನಸುಗಳನ್ನು ಬರೆದಿಟ್ಟಿದ್ದ ಪುಸ್ತಕ. ಅದು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ ಕೈಗೆ ಬಿತ್ತು, ಈಗಲೂ ಲಂಡನ್ನಿನಲ್ಲಿದೆ. ಇಬ್ಬರು ಲೇಖಕರು ಈ ಎರಡು ವಸ್ತುಗಳನ್ನು ಒಂದೊಂದಾಗಿ ಎತ್ತಿಕೊಂಡರು. ಭಗವಾನ್ ಗಿದ್ವಾನಿಯವರ 1976ರ ಇಂಗ್ಲಿಷ್ ಕಾದಂಬರಿ ಹೆಸರಿನಲ್ಲೇ ಟಿಪ್ಪುವಿನ ಕತ್ತಿಯನ್ನು ಇಟ್ಟುಕೊಂಡಿತು. ಅದೇ ದೂರದರ್ಶನದ ಧಾರಾವಾಹಿಯಾಯಿತು. ಅದರ ಚಿತ್ರೀಕರಣದ ವೇಳೆ 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತದ್ದನ್ನು ಮೈಸೂರಿನವರು ಇನ್ನೂ ಮರೆತಿಲ್ಲ. ಗಿರೀಶ ಕಾರ್ನಾಡರು ಕತ್ತಿಯನ್ನು ಬಿಟ್ಟು ಕನಸಿನ ಪುಸ್ತಕವನ್ನು ಆಯ್ದುಕೊಂಡು ‘ಟಿಪ್ಪು ಸುಲ್ತಾನ ಕಂಡ ಕನಸು’ ಬರೆದರು. ಕಾರ್ನಾಡರ ಆಯ್ಕೆ ದೊಡ್ಡದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕತ್ತಿ ಎಂದೊಡನೆ ಗಿದ್ವಾನಿಯವರಿಗೆ ಸಿಕ್ಕಿದ್ದು ಒಂದು ಲಾಂಛನ. ಅದಕ್ಕೆ ಒಳಗು ಎಂಬುದೇ ಇಲ್ಲ. ಕಾರ್ನಾಡರಿಗೆ ಸಿಕ್ಕಿದ್ದು ಎಲ್ಲರೆದುರು ಗಟ್ಟಿಯಾಗಿ ಮಾತಾಡುವ ದೊರೆಯೊಬ್ಬ ರಾತ್ರಿ ಒಬ್ಬನೇ ಕುಳಿತಾಗ ಏನು ಬರೆದುಕೊಳ್ಳುತ್ತಾನೆ ಎಂಬುದು. ಆದರೂ ಒಂದು ತಕರಾರು ಉಳಿಯುತ್ತದೆ. ಕತ್ತಿಗೆ ಒಳಗಿಲ್ಲ ಎಂದು ನಾವು ಒಪ್ಪಿಕೊಂಡದ್ದು ಕತ್ತಿಯ ತಪ್ಪಲ್ಲ. ಹಿಡಿಯ ಮೇಲಿನ ಆ ಚಿನ್ನದ ಅಕ್ಷರಗಳು ಕನಸಿನ ಪುಸ್ತಕಕ್ಕೆ ತೀರ ಹತ್ತಿರದವು. ಅವೂ ಒಬ್ಬನೇ ಓದಿಕೊಳ್ಳುವ ಬರಹವೇ. ಕತ್ತಿಯನ್ನು ಹೊಗಳುವವರಾಗಲಿ, ಕತ್ತಿಯಿಂದ ದೂರ ಸರಿದವರಾಗಲಿ ಅದನ್ನು ಓದಲಿಲ್ಲ.

ಗೆದ್ದವರ ಕಡೆಯ ಕಥೆಯೂ ಇಲ್ಲಿ ಕುತೂಹಲದ್ದು. ಬೈರ್ಡ್ ಹಿಂದೆ ಪೊಲ್ಲಿಲೂರಿನ ಸೋಲಿನ ನಂತರ ಶ್ರೀರಂಗಪಟ್ಟಣದಲ್ಲಿ 44 ತಿಂಗಳು ಸೆರೆಯಲ್ಲಿದ್ದವನು. ಅವನ ವಿಧವೆ ಚಿತ್ರಕಾರ ಡೇವಿಡ್ ವಿಲ್ಕಿಯಿಂದ ದೊಡ್ಡ ಚಿತ್ರವೊಂದನ್ನು ಬರೆಸಿದಳು. 1839ರ ಹೊತ್ತಿಗೆ ಮುಗಿದ ಆ ಚಿತ್ರದಲ್ಲಿ ಬೈರ್ಡ್ ಮೇಲೆ ನಿಂತಿದ್ದಾನೆ, ದೀಪದ ಬೆಳಕಿನಲ್ಲಿ ಟಿಪ್ಪುವಿನ ದೇಹ ಕೆಳಗಿದೆ, ಬೈರ್ಡ್‌ನ ಕಾಲ ಬಳಿ ನೆಲಮಾಳಿಗೆಯ ಸೆರೆಮನೆಯ ಸರಳುಗಳು. ಅದೇ ವಿಲ್ಕಿಯ ಹೆಸರನ್ನು ಇಟ್ಟುಕೊಂಡ, ಅವನ ಧರ್ಮಪುತ್ರನಾದ ವಿಲ್ಕಿ ಕಾಲಿನ್ಸ್ 1868ರಲ್ಲಿ ‘ದ ಮೂನ್‌ಸ್ಟೋನ್’ ಕಾದಂಬರಿ ಬರೆದ. ಅದೂ ಶುರುವಾಗುವುದು ಶ್ರೀರಂಗಪಟ್ಟಣದ ಲೂಟಿಯಿಂದ. ಕಾದಂಬರಿಯ ಸಕಲ ಅನಾಹುತಕ್ಕೂ ಕಾರಣವಾದ ವಜ್ರ ನಮಗೆ ಮೊದಲು ಕಾಣುವುದು ಒಂದು ಕಠಾರಿಯ ಹಿಡಿಯ ತುದಿಯಲ್ಲಿ. ಅಲಗಿನಲ್ಲಿ ರಕ್ತ ಇದೆ, ಆದರೆ ಕಳ್ಳನ ಕಣ್ಣು ಹಿಡಿಯ ಮೇಲೆ. ಹಿಡಿಯನ್ನು ಓದಿದ ಕಾದಂಬರಿಕಾರ ಎಂದರೆ ಇವನೇ, ಅದೂ ಒಬ್ಬ ಲೂಟಿಕೋರನ ಕಣ್ಣಿನಿಂದ! ಇನ್ನು ಬ್ರಿಟಿಷ್ ಸೇನಾಪತಿಗಳು 1831ರ ಆದೇಶದಂತೆ ತಮ್ಮ ಸಮಾರಂಭದ ಕತ್ತಿಗೆ ಒಪ್ಪಿಕೊಂಡ ಹಿಡಿ ಮಾಮೆಲೂಕರ ಮಾದರಿಯದು, ಪೂರ್ವದೇಶದ್ದು. ಪೂರ್ವವನ್ನು ಗೆಲ್ಲುವಾಗ ಎತ್ತಿದ್ದು ತಮ್ಮ ಕತ್ತಿ. ಗೆದ್ದ ಮೇಲೆ ಸೊಂಟಕ್ಕೆ ಕಟ್ಟಿಕೊಂಡದ್ದು ಅವರದು.

ಕರ್ನಾಟಕದಲ್ಲಿ ಕಟ್ಟಿದ ಕತ್ತಿ ಇವತ್ತಿಗೂ ಜೀವಂತವಾಗಿರುವ ಒಂದು ಜಾಗ ಕೊಡಗು. ಕುಪ್ಯ ತೊಟ್ಟು, ನಡುವಿಗೆ ಕೆಂಪು ಚೇಲೆ ಸುತ್ತಿ, ಅದರಲ್ಲಿ ಮುಂದಕ್ಕೆ ಸಿಕ್ಕಿಸುವುದು ಪೀಚೆಕತ್ತಿ. ಬೆನ್ನ ಹಿಂದೆ ಹಿತ್ತಾಳೆಯ ತೊಡಂಗಿನಲ್ಲಿ ಕೂರುವುದು ಅಗಲ ಅಲಗಿನ ಒಡಿಕತ್ತಿ. ಇದೊಂದು ಅಪರೂಪದ ವ್ಯಾಕರಣ. ಕಡಿಯುವ ಕತ್ತಿ ಬೆನ್ನಿಗೆ, ಕಾಣುವ ಕತ್ತಿ ಹೊಟ್ಟೆಯ ಮೇಲೆ. ಪೀಚೆಕತ್ತಿಯ ಒರೆಗೆ ಬೆಳ್ಳಿಯ ಹೊದಿಕೆ, ಹಿಡಿಗೆ ಬೆಳ್ಳಿಯೋ ದಂತವೋ; ಅದರಿಂದ ಜೋತಾಡುವ ಸರಪಳಿಯಲ್ಲಿ ಬೆರಳುದ್ದದ ಪುಟಾಣಿ ಆಯುಧಗಳು. ಆಯುಧಕ್ಕೆ ಒಡವೆಯಾಗಿ ಆಯುಧ! ‘ಚಿನ್ನದ ಚೂರಿಯೆಂದು ಕತ್ತು ಕೊಯ್ದುಕೊಳ್ಳಲಾದೀತೆ’ ಎಂಬ ಗಾದೆ ಕಟ್ಟಿದವರು ಒಡವೆಯೂ ಕೊಯ್ಯಬಲ್ಲದು ಎಂಬುದನ್ನು ಬಲ್ಲವರೇ. ಕೊಡವರ ಮದುವೆಯಲ್ಲಿ ಬಾಳೆಯ ದಿಂಡು ಕಡಿಯುವ ‘ಬಾಳೆ ಬಿರುದು’ ಉಂಟು. ಅಲ್ಲಿ ಎತ್ತುವುದು ಒಡಿಕತ್ತಿ, ಪೀಚೆಕತ್ತಿ ಕಟ್ಟಿದಲ್ಲೇ ಇರುತ್ತದೆ. 1837ರ ದಂಗೆ ಹತ್ತಿಕ್ಕಲು ನೆರವಾದವರಿಗೆ ಕಂಪನಿ ಸರ್ಕಾರ ಒಂದು ಪದಕ ಕೊಟ್ಟಿತು. ಅದರ ಮೇಲಿರುವುದು ಕತ್ತಿ ಎತ್ತಿದ ಕೊಡವ. ಕೊಡವರು ತಮ್ಮನ್ನು ತಾವು ಸಿಂಗರಿಸಿಕೊಳ್ಳುವಾಗ ಕಟ್ಟಿಕೊಂಡದ್ದನ್ನು ಕಂಪನಿಯ ಕಲಾವಿದ ಎತ್ತಿಸಿದ. ನಮ್ಮ ಪ್ರತಿಮೆಗಳ ಕಲ್ಪನೆ ಬಂದದ್ದು ವೀರಗಲ್ಲುಗಳಿಂದಲ್ಲ, ಈ ಪದಕದಂಥವುಗಳಿಂದ ಎಂಬುದು ನನ್ನ ಗುಮಾನಿ.

ಮಾಗಡಿ, ಬಿಡದಿ, ರಾಮನಗರದ ಕಡೆಯವರಾದ ನಮಗೆ ಇದು ಊರಿನ ವಿಷಯ. ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆ. 1799ರ ನಂತರ ಮೈಸೂರಿನ ಮೊದಲ ರೆಸಿಡೆಂಟ್ ಆದ ಬ್ಯಾರಿ ಕ್ಲೋಸ್ ಹೆಸರು ಹೊತ್ತಿತ್ತು. ಸಾವನದುರ್ಗದ ಕೋಟೆಯನ್ನು ಕಾರ್ನ್‌ವಾಲಿಸ್ ಸೈನ್ಯ ಹತ್ತಿದ್ದು 1791ರ ಡಿಸೆಂಬರಿನಲ್ಲಿ. ಅದಕ್ಕೂ ಹಿಂದೆ, 1638ರಲ್ಲಿ ರಣದುಲ್ಲಾಖಾನ, ಶಹಾಜಿಯರ ಕೈಗೆ ಬೆಂಗಳೂರು ಹೋದ ಮೇಲೆ ಕೆಂಪೇಗೌಡರ ಮನೆತನಕ್ಕೆ ಉಳಿದದ್ದು ಮಾಗಡಿ. 1728ರಲ್ಲಿ ಮೈಸೂರಿನವರು ಅದನ್ನೂ ಹಿಡಿದರು, ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಇಷ್ಟು ಸೋಲುಗಳ ನಡುವೆಯೂ ಆ ಹೆಸರು ಉಳಿದದ್ದು ಕತ್ತಿಯಿಂದಲ್ಲ. ಕೆರೆ, ಪೇಟೆ, ಗುಡಿ, ಕೋಟೆಗಳಿಂದ. ಶಿವಗಂಗೆಯ ಗಂಗಾಧರೇಶ್ವರ ದೇವಸ್ಥಾನದಲ್ಲಿ 17ನೇ ಶತಮಾನದ ಆರಂಭದ, ಹಿರಿಯ ಕೆಂಪೇಗೌಡರ ಲೋಹದ ಪ್ರತಿಮೆಯಿದೆ. ಅವರ ಕಾಲಕ್ಕೆ ಹತ್ತಿರದವರು ಅವರನ್ನು ಹೇಗೆ ಕಾಣಬೇಕೆಂದುಕೊಂಡರೋ ಹಾಗಿದೆ: ಕೈಮುಗಿದು ನಿಂತಿದ್ದಾರೆ.

2022ರ ನವೆಂಬರ್ 11ರಂದು ವಿಮಾನ ನಿಲ್ದಾಣದಲ್ಲಿ ಅನಾವರಣಗೊಂಡ 108 ಅಡಿಯ ‘ಪ್ರಗತಿ ಪ್ರತಿಮೆ’ಯ ಕೈಯಲ್ಲಿ ಕತ್ತಿಯಿದೆ. ಕತ್ತಿಯೊಂದರ ತೂಕವೇ 4 ಟನ್. ಅದು ದೆಹಲಿಯಿಂದ ಲಾರಿಯಲ್ಲಿ ಬಂದಾಗ ಮಂತ್ರಿಗಳು ಪೂಜೆ ಮಾಡಿ ಬರಮಾಡಿಕೊಂಡರು. ರಾಮ್ ಸುತಾರ್ ದೊಡ್ಡ ಪ್ರತಿಮೆಗಳ ಶಿಲ್ಪಿಯಾಗಿದ್ದರು, ದೂರದಿಂದ ಕಾಣಬೇಕಾದ ಆಕೃತಿಯ ಕಷ್ಟ ಬಲ್ಲವರಾಗಿದ್ದರು. ಹೆದ್ದಾರಿಯಲ್ಲಿ ಕಾರಿನಿಂದ ಕತ್ತೆತ್ತಿ ನೋಡುವವನಿಗೆ ಒಬ್ಬ ಅರಸ ಎಂದು ಒಂದು ಕ್ಷಣದಲ್ಲಿ ತಿಳಿಯಬೇಕು. ಕತ್ತಿ ಆ ಕೆಲಸವನ್ನು ಮಾಡುತ್ತದೆ, ಒಪ್ಪೋಣ. ನನ್ನ ಆಕ್ಷೇಪ ಪ್ರತಿಮೆಯ ಎತ್ತರಕ್ಕಲ್ಲ, ಖರ್ಚಿಗೂ ಅಲ್ಲ. ಆ ಕತ್ತಿ ಯಾರ ಕೈಯಲ್ಲಿ ಬೇಕಾದರೂ ಇರಬಹುದಿತ್ತು ಎಂಬುದಕ್ಕೆ. ಅದು ಯಲಹಂಕ ನಾಡಪ್ರಭುವಿನ ಕತ್ತಿ, ವಿಜಯನಗರದ ಸಾಮಂತನೊಬ್ಬನ ಕತ್ತಿ. ಅಂದರೆ ಮೇಲಿನವನು ಕಟ್ಟಿದ ಕತ್ತಿ. ಕೊಟ್ಟ ಅರಸನೇ ಮುನಿದಾಗ ಐದು ವರ್ಷ ಸೆರೆಯಲ್ಲಿಟ್ಟ ಎಂದು ಹೇಳುವ ಕಥೆಯೂ ಇದೇ ಕೆಂಪೇಗೌಡರದು. ಕಟ್ಟಿದ ಕೈ ಬಿಚ್ಚಲೂ ಬಲ್ಲದು ಎಂಬ ಆತಂಕ ಆ ಕತ್ತಿಯ ಜೊತೆಗೇ ಇತ್ತು. ಅದನ್ನು ಒರೆಯಲ್ಲಿ ತೋರಿಸಿದ್ದರೆ ಒಬ್ಬ ಸಾಮಂತ, ಒಬ್ಬ ನಗರ ಕಟ್ಟಿದವನು, ತೂಗಿ ನಡೆಯಬೇಕಾಗಿದ್ದ ಒಬ್ಬ ಮನುಷ್ಯ ಕಾಣುತ್ತಿದ್ದ. ಹಿರಿದು ತೋರಿಸಿದಾಗ ಹುಬ್ಬಳ್ಳಿಯ ಚೆನ್ನಮ್ಮ, ಬೆಂಗಳೂರಿನ ರಾಯಣ್ಣ, ಊರೂರಿನ ಶಿವಾಜಿ ಎಲ್ಲರೂ ಹಂಚಿಕೊಂಡಿರುವ ಅದೇ ಒಂದು ಕತ್ತಿ ಇವರಿಗೂ ಬಂತು. ಚೆನ್ನಮ್ಮ, ರಾಯಣ್ಣರಿಗೆ ಅದು ಸಲ್ಲುತ್ತದೆ, ಅವರ ಕಥೆಯೇ ಎತ್ತಿದ ಕತ್ತಿಯದು. ಹೀಗೆ ಎಲ್ಲರಿಗೂ ಒಂದೇ ಕತ್ತಿ ಹಂಚಿದ್ದರಿಂದಲೇ ಇರಬೇಕು, ಚಿತ್ರದುರ್ಗದ ಓಬವ್ವ ಮಾತ್ರ ಯಾರೊಂದಿಗೂ ಬೆರೆಯದೆ ನೆನಪಿನಲ್ಲಿ ಉಳಿಯುತ್ತಾಳೆ. ಅವಳ ಕೈಯಲ್ಲಿರುವುದು ಒನಕೆ. ಅದು ಎಲ್ಲಿಂದ ಬಂತು, ನಿನ್ನೆ ಏನು ಮಾಡುತ್ತಿತ್ತು ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಒಂದು ವಿನೋದವೂ ಇದೆ. 4 ಟನ್ ಕತ್ತಿಯನ್ನು ಕಣ್ತುಂಬಿಕೊಂಡು ಒಳಗೆ ಹೋದವರು ಮುಂದಿನ ತಪಾಸಣೆಯಲ್ಲಿ ಕೈಚೀಲದ ಸಣ್ಣ ಚಾಕುವನ್ನೂ ಬಿಟ್ಟುಕೊಡಬೇಕು.

ಐತಿಹಾಸಿಕ ಕಾದಂಬರಿಗಳೂ ಈ ವಿಷಯದಲ್ಲಿ ಪ್ರತಿಮೆಗಳಿಗಿಂತ ಬಹಳ ಮುಂದಿಲ್ಲ. ಝಳಪಿಸುವ ಖಡ್ಗ, ಮಿಂಚಿನಂಥ ಕರವಾಳ, ಹಿರಿದ ಅಸಿ. ಪದಗಳು ಬದಲಾಗುತ್ತವೆ, ಕತ್ತಿ ಒಂದೇ. ಯಾರು ಮಾಡಿದ್ದು, ಉಕ್ಕು ಎಲ್ಲಿಯದು, ಹಿಡಿಗೆ ಸುತ್ತಿದ್ದು ತೊಗಲೋ ತಂತಿಯೋ, ಬೆವರಿನ ಕೈಗೆ ಅದು ಜಾರುತ್ತಿತ್ತೋ ಇಲ್ಲವೋ ಎಂಬ ಮಾತು ಹುಡುಕಿದರೂ ಸಿಗುವುದು ಕಷ್ಟ. ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ವಿಜಯನಗರದ ಮಹಾನವಮಿಯ ಸೇನಾ ಪರಿಶೀಲನೆಯನ್ನು ಬಣ್ಣಿಸುವಾಗ ಯಾರು ಯಾವ ಬಟ್ಟೆ ತೊಟ್ಟಿದ್ದರು, ಗುರಾಣಿಗಳ ಮೇಲೆ ಏನಿತ್ತು, ಕುದುರೆಗಳಿಗೆ ಏನು ಹೊದಿಸಿದ್ದರು ಎಂದು ಕಣ್ಣು ಆಡಿಸುತ್ತಾನೆ. ಅವನಿಗೆ ಯುದ್ಧ ಕಾಣಲಿಲ್ಲ, ಯುದ್ಧದ ಉಡುಗೆ ಕಂಡಿತು. ಅದರಿಂದಲೇ ಸಾಮ್ರಾಜ್ಯದ ಅಂದಾಜು ಸಿಕ್ಕಿತು. ಹೊರಗಿನವನಿಗೆ ಇದ್ದ ಈ ವ್ಯವಧಾನ ನಮ್ಮವರಿಗೆ ಏಕಿಲ್ಲ ಎಂದರೆ, ನಮ್ಮ ಕಾದಂಬರಿಕಾರರು ಅರಸರ ಬಗ್ಗೆ ಹೆಮ್ಮೆಪಡುವ ಆತುರದಲ್ಲಿರುತ್ತಾರೆ. ಆತುರಗಾರನಿಗೆ ಹಿಡಿ ಕಾಣುವುದಿಲ್ಲ.

ಕಟ್ಟಿದ ಕತ್ತಿಯ ಅರ್ಥ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮೈಸೂರಿನಲ್ಲಿ ಈಚಿನ ಉದಾಹರಣೆಯಿದೆ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರ ಡಿಸೆಂಬರಿನಲ್ಲಿ ತೀರಿಕೊಂಡರು, ಉತ್ತರಾಧಿಕಾರಿ ಇನ್ನೂ ನಿಶ್ಚಯವಾಗಿರಲಿಲ್ಲ. 2014ರ ದಸರೆಯ ಖಾಸಗಿ ದರ್ಬಾರಿನಲ್ಲಿ ಸಿಂಹಾಸನದ ಮೇಲೆ ಕೂತದ್ದು ಪಟ್ಟದ ಕತ್ತಿ. ಗಣರಾಜ್ಯವಾಗಿ ಆರು ದಶಕ ದಾಟಿದ ದೇಶದಲ್ಲಿ, ರಾಜಧನವೂ ಬಿರುದುಗಳೂ 1971ರಲ್ಲೇ ರದ್ದಾದ ಮೇಲೆ, ಆಳುವ ಅಧಿಕಾರವಿಲ್ಲದ ಅರಸನ ಗೈರುಹಾಜರಿಯನ್ನು ಕೊಲ್ಲುವ ಕೆಲಸವಿಲ್ಲದ ಕತ್ತಿ ತುಂಬಿತು. ಇದನ್ನು ಪೊಳ್ಳು ಆಡಂಬರ ಎಂದು ತಳ್ಳಿಹಾಕುವುದು ಸುಲಭ, ನನ್ನ ಗೆಳೆಯರಲ್ಲಿ ಹಲವರು ಹಾಗೇ ಹೇಳುತ್ತಾರೆ. ನನಗೆ ಅದು ಕನ್ನಡನಾಡಿನಲ್ಲಿ ಈ ಶತಮಾನದಲ್ಲಿ ಆಡಿದ ಅತ್ಯಂತ ಪ್ರಾಮಾಣಿಕ ರೂಪಕಗಳಲ್ಲಿ ಒಂದಾಗಿ ಕಾಣುತ್ತದೆ. ಯಾರೂ ಅದನ್ನು ಝಳಪಿಸಲಿಲ್ಲ. ಇದೆ ಎನ್ನುವುದಕ್ಕಿಂತ ಹೆಚ್ಚಾಗಿ ಇಲ್ಲ ಎನ್ನುವುದನ್ನು ಅದು ಹೇಳಿತು.

ಅದೇ ಆಯುಧಪೂಜೆಗೆ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ನಡೆಯುವುದೇ ಬೇರೆ. ಬಿಡದಿ ಎಂಬ ಮಾತಿಗೆ ತಂಗುದಾಣ ಎಂಬ ಅರ್ಥ. ಮದುವೆಗೆ ಬಂದವರಿಗೆ ಬಿಡದಿ ಕೊಡುತ್ತೇವಲ್ಲ, ಅದೇ. ಈಗ ಅಲ್ಲಿ ತಂಗಿರುವುದು ಉಕ್ಕಿನ ಹಾಳೆಯನ್ನು ಕತ್ತರಿಸುವ, ಬಾಗಿಸುವ, ಬೆಸೆಯುವ ಯಂತ್ರಗಳು. ಒಂದು ದಿನದ ಮಟ್ಟಿಗೆ ಪ್ರೆಸ್ಸು ನಿಲ್ಲುತ್ತದೆ. ಗುತ್ತಿಗೆ ಹುಡುಗರೂ ಕಾಯಂ ನೌಕರರೂ ಸೇರಿ ವರ್ಷದ ಗ್ರೀಸನ್ನು ಸೀಮೆಎಣ್ಣೆ ಹಾಕಿ ತಿಕ್ಕುತ್ತಾರೆ, ಡೈಗಳನ್ನು ಒರೆಸುತ್ತಾರೆ, ಫೋರ್ಕ್‌ಲಿಫ್ಟಿಗೆ ಬಾಳೆಕಂದು ಕಟ್ಟುತ್ತಾರೆ, ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಇಡುತ್ತಾರೆ. ಕತ್ತಿ ಎಲ್ಲೂ ಇರುವುದಿಲ್ಲ, ಕುಂಬಳಕಾಯಿ ಹೋಳು ಮಾಡಲು ಕ್ಯಾಂಟೀನಿನಿಂದ ತಂದ ಮಚ್ಚು ಬಿಟ್ಟರೆ. ತೊಳೆಯುವುದು ಮುಗಿಯುವ ಹೊತ್ತಿಗೆ ಬೋನಸ್ಸಿನ ಮಾತು ಶುರುವಾಗುತ್ತದೆ: ಯಾರಿಗೆ ಎಷ್ಟು, ಯಾರಿಗೆ ಸ್ವೀಟ್ ಬಾಕ್ಸ್ ಮಾತ್ರ. ಆತಕೂರಿನ ಶಾಸನ ಬರೆದವನಿಗೆ ಈ ಮಾತುಕತೆ ಅರ್ಥವಾಗುತ್ತಿತ್ತು. ಅವನ ಬಳಿ ಅದಕ್ಕೆ ಒಂದು ಪದವೂ ಇತ್ತು.